ಕಲ್ಲಿನ ರಥದ ಮೇಲೊಂದು ಗೋಪುರ

ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ನಮಗೆಲ್ಲ ಎಷ್ಟು ಪರಿಚಿತವೆಂದರೆ, ಹಂಪಿಗೆ ಕಾಲಿಡದವರ ಜೇಬಿನಲ್ಲೂ ಐವತ್ತು ರೂಪಾಯಿ ನೋಟಿನ ಮೇಲೆ ಅದು ಇದೆ. ಅದೇ ರಥವನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಮೇಲೆ ಚಿತ್ರವಾಗಿ ಹಿಡಿದಿದ್ದಾನೆ. ಆ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಗೋಪುರವಿದೆ. ಇಂದಿನ ರಥಕ್ಕೆ ಅದಿಲ್ಲ. ಮುಂದೊಂದು ಕಾಲದಲ್ಲಿ ಅದನ್ನು ಇಳಿಸಲಾಯಿತು.

ಈ ಚಿತ್ರವನ್ನು ಹಲವರ ಮುಂದಿಟ್ಟು, ಏನು ಕಾಣುತ್ತದೆ ಹೇಳಿ ಎಂದು ಕೇಳಿದ್ದೇನೆ. ಹಂಪಿ ಗೊತ್ತಿಲ್ಲದವರು ರಥ, ಚಕ್ರ, ಗೋಪುರ, ಕಲ್ಲು ಎಂದು ಸಾಲಾಗಿ ಹೇಳಿ ಮುಗಿಸುತ್ತಾರೆ. ಗೋಪುರ ಅವರಿಗೆ ಪಟ್ಟಿಯಲ್ಲಿ ಬಂದುಹೋಗುವ ಒಂದು ಹೆಸರು. ಹೊಸಪೇಟೆ ಕಡೆಯವರಾದರೆ ಅರೆಕ್ಷಣ ಮಾತು ನಿಲ್ಲುತ್ತದೆ, ಆಮೇಲೆ ಬೆರಳು ನೇರ ಮೇಲಕ್ಕೆ ಹೋಗುತ್ತದೆ: 'ಇದರ ಮೇಲೆ ಗೋಪುರ ಇತ್ತಾ?' ಚಿತ್ರವೂ ಅದೇ, ಪ್ರಶ್ನೆಯೂ ಅದೇ. ಮೊದಲನೆಯವರು ಗೋಪುರವನ್ನು ನೋಡಿದರು, ಎರಡನೆಯವರು ಕಂಡರು. ನೋಡುವುದಕ್ಕೂ ಕಾಣುವುದಕ್ಕೂ ನಮ್ಮ ಮಾತಿನಲ್ಲಿರುವ ಈ ಅಂತರವನ್ನು ಇಟ್ಟುಕೊಂಡೇ, ಫೋಟೊ ವಿಮರ್ಶೆಯ ಒಂದು ದೊಡ್ಡ ಪರಂಪರೆಯನ್ನು ಇಲ್ಲಿ ತೂಗಿ ನೋಡಬೇಕೆಂದಿದ್ದೇನೆ.

ಇದು ಮೊದಲು ವರ್ಣಿಸು, ಆಮೇಲೆ ಅರ್ಥ ಹೇಳು ಎನ್ನುವ ಪರಂಪರೆ. ಅಮೆರಿಕದಲ್ಲಿ ಅದಕ್ಕೆ ಮೈ ಬಂದದ್ದು ಜಾನ್ ಷಾರ್ಕೋವ್ಸ್ಕಿಯಿಂದ. 1962ರಿಂದ 1991ರವರೆಗೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಫೋಟೊಗ್ರಫಿ ವಿಭಾಗವನ್ನು ನಡೆಸಿದವರು ಅವರು, ಸ್ವತಃ ಫೋಟೊಗ್ರಾಫರ್. 'ದಿ ಫೋಟೊಗ್ರಾಫರ್ಸ್ ಐ' ಎಂಬ ಪ್ರದರ್ಶನದಲ್ಲಿ, ಆಮೇಲೆ 1966ರ ಪುಸ್ತಕದಲ್ಲಿ, ಚಿತ್ರ ನೋಡುವುದಕ್ಕೆ ಐದು ಹಿಡಿಗಳನ್ನು ಕೊಟ್ಟರು: ಎದುರಿಗಿರುವ ವಸ್ತು, ಅದರ ವಿವರ, ಚೌಕಟ್ಟು, ಕಾಲ, ಮತ್ತು ಕ್ಯಾಮೆರಾ ನಿಂತ ಜಾಗ. 1973ರ 'ಲುಕಿಂಗ್ ಅಟ್ ಫೋಟೊಗ್ರಾಫ್ಸ್' ಪುಸ್ತಕದಲ್ಲಿ ನೂರು ಚಿತ್ರಗಳಿವೆ, ಒಂದೊಂದಕ್ಕೂ ಒಂದೊಂದು ಪುಟದ ಬರಹ. ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಅಷ್ಟು ಎಚ್ಚರದಿಂದ ಚಿತ್ರದ ಮುಂದೆ ನಿಂತ ಇನ್ನೊಬ್ಬ ವಿಮರ್ಶಕನನ್ನು ನಾನು ಓದಿಲ್ಲ. ಮುಂದೆ 1990ರಲ್ಲಿ ಟೆರ್ರಿ ಬ್ಯಾರೆಟ್ ಬರೆದ 'ಕ್ರಿಟಿಸೈಸಿಂಗ್ ಫೋಟೊಗ್ರಾಫ್ಸ್' ವಿಮರ್ಶೆಯ ಕೆಲಸವನ್ನು ಪಾಠದ ಕ್ರಮಕ್ಕೆ ತಂದಿತು. ವರ್ಣಿಸುವುದು, ವ್ಯಾಖ್ಯಾನಿಸುವುದು, ಬೆಲೆ ಕಟ್ಟುವುದು, ಸಿದ್ಧಾಂತ ಕಟ್ಟುವುದು ಎಂದು ಅವರು ಅದನ್ನು ಬಿಡಿಸಿಟ್ಟರು. ವರ್ಣನೆಯೂ ವ್ಯಾಖ್ಯಾನವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ ಎಂಬುದು ಬ್ಯಾರೆಟ್‌ಗೆ ಗೊತ್ತಿತ್ತು. ಆದರೆ ತರಗತಿಗೆ ಇಳಿದಾಗ ಅದು ಮೆಟ್ಟಿಲಾಯಿತು, ಒಂದನ್ನು ಹತ್ತಿ ಇನ್ನೊಂದಕ್ಕೆ ಹೋಗು ಎಂಬಂತೆ.

ಈ ಪರಂಪರೆಗೆ ನಾನು ಋಣಿ. ಚಿತ್ರ ಕಣ್ಣಿಗೆ ಬಿದ್ದ ಕೂಡಲೇ 'ಮನ ಕಲಕುವ', 'ಅದ್ಭುತ', 'ಕಾವ್ಯಾತ್ಮಕ' ಎನ್ನುವ ಆತುರಕ್ಕೆ ಅದು ಹಾಕಿದ ಕಡಿವಾಣ ದೊಡ್ಡದು. ಎಡಗಡೆ ಏನಿದೆ, ಬೆಳಕು ಎಲ್ಲಿಂದ ಬಂದಿದೆ, ಯಾರ ಕೈ ಎಲ್ಲಿದೆ ಎಂದು ಮೊದಲು ಹೇಳಿ ಎಂದಾಗ ಅರ್ಧಕ್ಕರ್ಧ ಸುಳ್ಳು ಭಾವುಕತೆ ತಾನಾಗಿ ಉದುರಿಹೋಗುತ್ತದೆ. ಕಾವ್ಯಮೀಮಾಂಸೆಯ ಪಾಠ ಕೇಳಿದವರಿಗೆ ಇದು ಹೊಸದಲ್ಲ. ವಾಚ್ಯ ಕೈಗೆ ಸಿಗದೆ ಧ್ವನಿ ಸಿಗದು. ಗಂಗೆಯ ಮೇಲೆ ಹಟ್ಟಿ ಎಂದಾಗ ಗಂಗೆ ಹರಿಯುವ ನೀರೆಂಬುದು ಮೊದಲು ತಿಳಿದಿದ್ದರೆ ತಾನೇ, ಹಟ್ಟಿ ದಡದಲ್ಲಿದೆ ಎಂಬುದೂ ಅಲ್ಲಿಯ ತಂಪೂ ಹೊಳೆಯುವುದು? ತೊಡಕು ಇರುವುದು ಇಲ್ಲೇ. ಪದದ ವಾಚ್ಯಾರ್ಥವನ್ನು ನಿಘಂಟು ಹೇಳುತ್ತದೆ. ಫೋಟೊದ ವಾಚ್ಯಾರ್ಥಕ್ಕೆ ನಿಘಂಟಿಲ್ಲ.

ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1907ರಲ್ಲಿ ತೆಗೆದ 'ದಿ ಸ್ಟೀಯರೇಜ್' ಎಂಬ ಚಿತ್ರವನ್ನೇ ತೆಗೆದುಕೊಳ್ಳಿ. ಹಡಗಿನ ಅಗ್ಗದ ದರ್ಜೆಗೆ ಆ ಹೆಸರು. ಚಿತ್ರದ ನಡುವೆ ಬಿಳಿಯ ಕಾಲುಸೇತುವೆಯೊಂದು ಓರೆಯಾಗಿ ಹಾದು ಇಡೀ ಹಡಗನ್ನು ಎರಡಾಗಿ ಸೀಳುತ್ತದೆ. ಸೇತುವೆಯ ಮೇಲೆ ಒಬ್ಬರೂ ಇಲ್ಲ. ಮೇಲಿನ ಅಟ್ಟಣೆಯ ಅಂಚಿಗೆ ಜನ ಒತ್ತಿ ನಿಂತಿದ್ದಾರೆ. ಅವರ ನಡುವೆ ದುಂಡನೆಯ ಹುಲ್ಲಿನ ಟೋಪಿಯವನೊಬ್ಬ ಕೆಳಕ್ಕೆ ಬಗ್ಗಿ ನೋಡುತ್ತಿದ್ದಾನೆ. ಬಿಸಿಲೆಲ್ಲ ಆ ಟೋಪಿಯ ಮೇಲೆಯೇ ಬಿದ್ದಂತಿದೆ. ಕೆಳಗಿನ ಅಟ್ಟಣೆಯಲ್ಲಿ ಹೆಂಗಸರು, ಮಕ್ಕಳು, ಒಣಹಾಕಿದ ಬಟ್ಟೆ, ಬೆನ್ನ ಮೇಲೆ ಬಿಳಿ ಪಟ್ಟಿಗಳು ಅಡ್ಡ ಹಾಯ್ದ ಒಬ್ಬ ಗಂಡಸು. ನಟ್ಟನಡುವೆ, ಗೆರೆಗೆರೆಯ ಬಟ್ಟೆ ಹೊದ್ದು ನಮಗೆ ಬೆನ್ನು ತಿರುಗಿಸಿದ ಒಂದು ಆಕೃತಿ.

ಸ್ಟೀಗ್ಲಿಟ್ಸ್ ಹೆಂಡತಿ ಮಗಳೊಂದಿಗೆ ಮೊದಲ ದರ್ಜೆಯಲ್ಲಿದ್ದರು. ಮೇಲಿನಿಂದ ಈ ನೋಟ ಕಂಡು, ಕ್ಯಾಮೆರಾ ತರಲು ಕೋಣೆಗೆ ಓಡಿದ್ದನ್ನೂ, ಬಳಸದ ಪ್ಲೇಟ್ ಒಂದೇ ಒಂದು ಉಳಿದಿದ್ದನ್ನೂ, ತಿರುಗಿ ಬರುವಷ್ಟರಲ್ಲಿ ಟೋಪಿಯವನು ಸರಿದುಬಿಟ್ಟಿದ್ದರೆ ಎಂದು ಎದೆ ಹೊಡೆದುಕೊಂಡದ್ದನ್ನೂ ಅವರು ದಶಕಗಳ ನಂತರ ಬರೆದಿದ್ದಾರೆ. ಕಣ್ಣಿಗೆ ಕಂಡದ್ದು ಆಕಾರಗಳ ಹೊಂದಿಕೆ ಎಂದೂ ಹೇಳಿಕೊಂಡಿದ್ದಾರೆ.

ಈ ಚಿತ್ರಕ್ಕೆ ಬೆನ್ನುಹತ್ತಿ ಬಂದ ವ್ಯಾಖ್ಯಾನ ಏನು? ಹೊಸ ಬದುಕನ್ನು ಅರಸಿ ಅಮೆರಿಕದ ದಡಕ್ಕೆ ಬರುತ್ತಿರುವ ಬಡ ವಲಸೆಗಾರರು ಎಂದು. ಗೆರೆ ಬಟ್ಟೆಯ ಆಕೃತಿಯನ್ನು ಪ್ರಾರ್ಥನೆಯ ಶಾಲು ಹೊದ್ದ ಯಹೂದಿ ಗಂಡಸು ಎಂದು ಓದಿದವರೂ ಇದ್ದರು. ಆದರೆ 'ಕೈಸರ್ ವಿಲ್‌ಹೆಲ್ಮ್ 2' ಎಂಬ ಆ ಹಡಗು ಹೊರಟಿದ್ದದ್ದು ನ್ಯೂಯಾರ್ಕಿನಿಂದ, ಯುರೋಪಿನ ಕಡೆಗೆ. ಈ ಜನ ಅಮೆರಿಕಕ್ಕೆ ಬರುತ್ತಿರಲಿಲ್ಲ, ಅದನ್ನು ಬಿಟ್ಟು ಹೋಗುತ್ತಿದ್ದರು. ಗೆರೆ ಬಟ್ಟೆ ಹೊದ್ದದ್ದು ಒಬ್ಬ ಹೆಂಗಸು.

ನಾನು ಮೇಲೆ ಕೊಟ್ಟ ವರ್ಣನೆಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಅದರಿಂದ 'ಬರುತ್ತಿದ್ದಾರೆ' ಎಂದೂ ಹೇಳಬಹುದು, 'ಹೋಗುತ್ತಿದ್ದಾರೆ' ಎಂದೂ ಹೇಳಬಹುದು. ಹಡಗಿನ ಮೂತಿ ಯಾವ ಕಡೆಗಿತ್ತೆಂದು ಚೌಕಟ್ಟಿನ ಒಳಗೆ ಎಲ್ಲೂ ಬರೆದಿಲ್ಲ. ಆದರೆ ದಿಕ್ಕು ಗೊತ್ತಾದ ಮೇಲೆ ಚಿತ್ರ ಬದಲಾಗುತ್ತದೆ. ಒಣಹಾಕಿದ ಬಟ್ಟೆಯನ್ನು ಮೊದಲು ಪ್ರಯಾಣದ ಸಂಭ್ರಮದ ಗದ್ದಲವಾಗಿ ನೋಡಿದ್ದೆ. ಈಗ ಅದರಲ್ಲಿ ದಣಿವು ಕಾಣುತ್ತದೆ. ಯಾರೂ ಕಾಲಿಡದ ಆ ಬಿಳಿ ಸೇತುವೆಯ ಬಳಿ ನಾನು ಈಗ ಹೆಚ್ಚು ಹೊತ್ತು ನಿಲ್ಲುತ್ತೇನೆ. ವ್ಯಾಖ್ಯಾನ ಹಿಂದಿರುಗಿ ಬಂದು ವರ್ಣನೆಯನ್ನೇ ತಿದ್ದಿತು. ಒಂದಾದ ಮೇಲೊಂದು ಮೆಟ್ಟಿಲು ಎಂಬ ಪಾಠ ಇಲ್ಲಿ ನಿಲ್ಲುವುದಿಲ್ಲ.

1975ರಲ್ಲಿ ವಿಮರ್ಶಕ ಅಲನ್ ಸೆಕುಲಾ ಎತ್ತಿದ ಆಕ್ಷೇಪ ಇದಕ್ಕಿಂತ ಮುಂದೆ ಹೋಗುತ್ತದೆ. ಲೂಯಿಸ್ ಹೈನ್ 1905ರಲ್ಲಿ ತೆಗೆದ ವಲಸೆಗಾರರ ಚಿತ್ರವನ್ನು ಅವರು ಸ್ಟೀಗ್ಲಿಟ್ಸ್ ಚಿತ್ರದ ಪಕ್ಕಕ್ಕಿಟ್ಟು, ಒಂದು ಕಲೆಯೂ ಇನ್ನೊಂದು ದಾಖಲೆಯೂ ಆದದ್ದು ಹೇಗೆ ಎಂದು ಕೇಳಿದರು. ಚಿತ್ರಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ, ಅದನ್ನು ಯಾರು ಎಲ್ಲಿ ಯಾಕೆ ತೋರಿಸಿದರು ಎಂಬುದರಲ್ಲಿ ಅರ್ಥವಿದೆ ಎಂಬುದು ಅವರ ವಾದದ ತಿರುಳು. ಮ್ಯೂಸಿಯಂ ಗೋಡೆಗೆ ಏರಿದ ಕೂಡಲೇ ಚಿತ್ರಕ್ಕೆ ತಾಯಿಬೇರು ಕತ್ತರಿಸಿದಂತಾಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸೆಕುಲಾ ದಾರಿಯಲ್ಲಿ ಬಂದ ಎಷ್ಟೋ ಬರಹಗಳಲ್ಲಿ ಚಿತ್ರವೇ ಕಾಣೆಯಾಗಿದೆ. ಬಂಡವಾಳ, ಸಂಸ್ಥೆ, ಅಧಿಕಾರ ಎಲ್ಲ ಬಂದು ಕೂತಿರುತ್ತವೆ, ಆ ಗೆರೆ ಬಟ್ಟೆಯ ಹೆಂಗಸಿಗೆ ಜಾಗವಿರುವುದಿಲ್ಲ. ಹೊರಗಿನ ಸಂದರ್ಭ ಹೇಳುವವನು ಒಳಗಿನ ವಿವರಕ್ಕೆ ಮರಳಿ ಬರಲೇಬೇಕು.

ಚಿತ್ರದ ಒಳಗಿದ್ದೂ ತಪ್ಪಬಹುದು. ಫ್ರಾನ್ಸಿನ ರೋಲಾಂ ಬಾರ್ತ್ 1980ರಲ್ಲಿ ಪ್ರಕಟಿಸಿದ 'ಕ್ಯಾಮೆರಾ ಲುಸಿಡಾ' ಕೃತಿಯಲ್ಲಿ ಜೇಮ್ಸ್ ವ್ಯಾನ್ ಡರ್ ಜೀ 1926ರಲ್ಲಿ ತೆಗೆದ ಕಪ್ಪು ಜನರ ಕುಟುಂಬಚಿತ್ರವೊಂದರ ಮಾತು ಬರುತ್ತದೆ. ಹಿಂದೆ ನಿಂತ ಹೆಂಗಸಿನ ಪಟ್ಟಿ ಬಿಗಿದ ಷೂ ತನ್ನನ್ನು ಚುಚ್ಚಿತು ಎನ್ನುವ ಬಾರ್ತ್, ಮುಂದಿನ ಪುಟಗಳಲ್ಲಿ, ಚಿತ್ರ ಎದುರಿಗಿಲ್ಲದಾಗ ನೆನಪಿಸಿಕೊಂಡು, ನಿಜವಾಗಿ ಚುಚ್ಚಿದ್ದು ಆಕೆಯ ಕೊರಳಿನ ಹೆಣೆದ ಚಿನ್ನದ ಎಳೆ ಎನ್ನುತ್ತಾರೆ. ಅಂಥದ್ದನ್ನು ತನ್ನ ಮನೆಯವರೊಬ್ಬರ ಕೊರಳಲ್ಲಿ ಕಂಡಿದ್ದೆ ಎನ್ನುತ್ತಾರೆ. ಚಿತ್ರದಲ್ಲಿರುವುದು ಮುತ್ತಿನ ಸರ. ಮಾರ್ಗರೆಟ್ ಓಲಿನ್ ಎಂಬ ವಿದ್ವಾಂಸೆ ಈ ತಪ್ಪನ್ನು ಎತ್ತಿ ತೋರಿಸಿದರು. ಬಾರ್ತ್ ಪುಸ್ತಕದ ಬಗ್ಗೆ ನನಗಿರುವ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ, ಏಕೆಂದರೆ ಆ ಚಿನ್ನದ ಎಳೆ ಅವರ ಒಳಗಿನ ದುಃಖದಿಂದ ಬಂದದ್ದು. ಆದರೆ ಆ ಹೆಂಗಸು ಅಷ್ಟು ಜತನದಿಂದ ಧರಿಸಿ ಬಂದ ಮುತ್ತನ್ನು ಅವರು ಆಕೆಯಿಂದ ಕಿತ್ತುಕೊಂಡರು. ಬೇರೆಯವರ ಚಿತ್ರದ ಬಗ್ಗೆ ಬರೆಯುವವರ ಕೈಯಲ್ಲಿ ನಡೆಯಬಹುದಾದ ಅನ್ಯಾಯ ಇಂಥದು.

ಇನ್ನೂ ಕಷ್ಟದ ಚಿತ್ರಗಳಿವೆ. ಲಖನೌದ ಸಿಕಂದರ್ ಬಾಗ್‌ನಲ್ಲಿ ಫೆಲೀಚೆ ಬಿಯಾಟೊ 1858ರಲ್ಲಿ ತೆಗೆದದ್ದು ಅಂಥದು. ಹಿಂದೆ ಕಂಬಗಳ ಪಾಳು ಕಟ್ಟಡ, ಅದರ ಮುಂದೆ ಕೆಲವು ಭಾರತೀಯರು, ಒಂದು ಕುದುರೆ. ಅಂಗಳದ ತುಂಬ ತಲೆಬುರುಡೆ, ಪಕ್ಕೆಲುಬು. ಅಲ್ಲಿ ಸಿಪಾಯಿಗಳ ಕೊಲೆ ನಡೆದದ್ದು 1857ರ ನವೆಂಬರಿನಲ್ಲಿ. ಬಿಯಾಟೊ ಬಂದದ್ದು ತಿಂಗಳುಗಳ ನಂತರ. ಮುಚ್ಚಿದ್ದ ಹೆಣಗಳನ್ನು ಚಿತ್ರಕ್ಕಾಗಿ ಆತ ಮತ್ತೆ ತೆರೆಸಿದ ಎಂದು ಆ ಕಾಲದ ಅಧಿಕಾರಿ ಜಾರ್ಜ್ ಕ್ಯಾಂಬೆಲ್ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಷಾರ್ಕೋವ್ಸ್ಕಿಯ ಐದು ಹಿಡಿಗಳಲ್ಲಿ ಇದನ್ನು ಹಿಡಿದು ನೋಡಿ: ವಸ್ತು ಎಲುಬು, ವಿವರ ಬುರುಡೆಯ ಕಣ್ಣಿನ ಕುಳಿ, ಚೌಕಟ್ಟು ಅಂಗಳದಷ್ಟು ಅಗಲ. 'ಕಾಲ' ಎಂಬಲ್ಲಿಗೆ ಬಂದಾಗ ಹಿಡಿ ಜಾರುತ್ತದೆ, ಏಕೆಂದರೆ ಈ ಚಿತ್ರ ಕಾಲದ ಬಗ್ಗೆ ಸುಳ್ಳು ಹೇಳುತ್ತಿದೆ. ಕದನದ ಮರುಗಳಿಗೆ ಎಂಬಂತೆ ಅದು ನಮ್ಮ ಮುಂದೆ ನಿಂತಿದೆ. ಇಲ್ಲಿ 'ಎಲುಬುಗಳು ಹರಡಿವೆ' ಎಂದು ಬರೆಯುವ ವಿಮರ್ಶಕ ಆಗಲೇ ಬಿಯಾಟೊ ಪಕ್ಷ ಸೇರಿದಂತೆ. 'ಎಲುಬುಗಳನ್ನು ಹರಡಲಾಗಿದೆ' ಎಂದು ಬರೆದರೆ ಮಾತ್ರ ವರ್ಣನೆ ನಿಜಕ್ಕೆ ಹತ್ತಿರ. ಕ್ರಿಯಾಪದದ ಒಂದು ಪ್ರತ್ಯಯದಲ್ಲಿ ಇಡೀ ವ್ಯಾಖ್ಯಾನ ಅಡಗಿದೆ.

ಕನ್ನಡದಲ್ಲಿ ಇಂಥ ಬರವಣಿಗೆ ಯಾಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಫೋಟೊಗ್ರಾಫರ್‌ಗಳಿಗೇನೂ ಬರವಿರಲಿಲ್ಲ. ಸಿ. ರಾಜಗೋಪಾಲ್, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ, ಇವರೆಲ್ಲ ಹೊರದೇಶಗಳಲ್ಲೂ ಮನ್ನಣೆ ಪಡೆದವರು. ಬೆಂಗಳೂರಿನ ಫೋಟೊ ಕ್ಲಬ್ಬುಗಳು ತಲೆಮಾರುಗಳನ್ನು ತಿದ್ದಿವೆ. ಆದರೆ ನಮಗೆ ಬಂದ ಮಾತೆಲ್ಲ ಸಲೂನ್ ಎಂಬ ಫೋಟೊ ಸ್ಪರ್ಧೆಗಳ ಮಾತು. ಟೋನ್ ಚೆನ್ನಾಗಿದೆ, ಬ್ಯಾಕ್‌ಗ್ರೌಂಡ್ ಕ್ಲೀನ್ ಆಗಿದೆ, ಮೂರನೇ ಒಂದು ಭಾಗಕ್ಕೆ ಸಬ್ಜೆಕ್ಟ್ ಕೂತಿದೆ ಎನ್ನುವ ಮಾತು. ಪರದೆಯ ಮೇಲೆ ಕೆಲವೇ ಸೆಕೆಂಡು ನಿಲ್ಲುವ ಚಿತ್ರಕ್ಕೆ ಅಂಕ ಕೊಡುವ ತೀರ್ಪುಗಾರನಿಗೆ ಅಷ್ಟು ಸಾಕು. ಕೈಕಸುಬಿನ ಶಿಸ್ತನ್ನು ಕಲಿಸಿದ್ದು ಈ ಸಲೂನ್ ಪರಂಪರೆಯೇ, ಅದನ್ನು ನಾನು ಮರೆಯಲಾರೆ. ಆದರೆ ಅದು ವರ್ಣಿಸುವುದಕ್ಕೂ ಮೊದಲೇ ಬೆಲೆ ಕಟ್ಟಿಬಿಡುತ್ತದೆ. ಹಾಗಾಗಿ ಈ ದೊಡ್ಡವರ ಬಗ್ಗೆ ನಾನು ಕನ್ನಡದಲ್ಲಿ ಓದಿದ ಬಹುಪಾಲು ಲೇಖನಗಳಲ್ಲಿ ಪ್ರಶಸ್ತಿಗಳ ಪಟ್ಟಿ ಇದೆ, ಕ್ಯಾಮೆರಾ ಲೆನ್ಸುಗಳ ಹೆಸರಿದೆ, ಕಾಡಿನ ಸಾಹಸವಿದೆ. ಒಂದೇ ಒಂದು ಚಿತ್ರದ ಮುಂದೆ ಎರಡು ಪುಟದಷ್ಟು ಹೊತ್ತು ನಿಂತದ್ದು ಸಿಗುವುದಿಲ್ಲ. ಒಂದು ವಚನಕ್ಕೆ, ಒಂದು ಭಾವಗೀತೆಗೆ ನಾವು ಎಷ್ಟು ಪುಟ ಕೊಟ್ಟಿದ್ದೇವೆ! ಆ ತಾಳ್ಮೆಯಲ್ಲಿ ಒಂದು ಪಾಲು ಘೋರ್ಪಡೆಯವರ ಆನೆಗಳ ಚಿತ್ರಗಳಿಗೂ ಸಲ್ಲಬೇಕಿತ್ತು.

ಮನೆಮನೆಯ ಗೋಡೆಯ ಮೇಲಿನ ಚಿತ್ರಗಳಂತೂ ವಿಮರ್ಶೆಯ ಬಾಗಿಲಿಗೇ ಬಂದಿಲ್ಲ. ನಮ್ಮ ಊರಮನೆಯಲ್ಲಿ ಕಟ್ಟು ಹಾಕಿಸಿದ ಒಂದು ಸ್ಟುಡಿಯೊ ಫೋಟೊ ಇದೆ. ಅಜ್ಜ ಕುರ್ಚಿಯಲ್ಲಿ, ಅಜ್ಜಿ ಪಕ್ಕದಲ್ಲಿ ನಿಂತು, ಹಿಂದೆ ಅರಮನೆಯ ಮೆಟ್ಟಿಲು ಬರೆದ ಪರದೆ. ಪರದೇಶದಲ್ಲಿರುವ ಸೋದರಳಿಯನಿಗೆ ಫೋನಿನಲ್ಲಿ ಅದನ್ನು ವಿವರಿಸುವಾಗ, ಅಜ್ಜಿಯ ಕೊರಳಲ್ಲಿ ಅಡ್ಡಿಕೆ ಇದೆ ಎಂದೆ. ಊರಿಗೆ ಹೋಗಿ ನೋಡಿದರೆ ಇರುವುದು ಬರೀ ಕರಿಮಣಿ. ಅಡ್ಡಿಕೆ ಇದ್ದದ್ದು ಅಮ್ಮನ ಮದುವೆ ಫೋಟೊದಲ್ಲಿ. ಆವತ್ತು ಕೂತು ಮೊದಲಿಂದ ನೋಡಿದೆ. ಅಜ್ಜನ ಕಾಲಲ್ಲಿ ಬೂಟು, ಅಜ್ಜಿಯದು ಬರಿಗಾಲು. ಪರದೆಯ ಅರಮನೆ ಮುಗಿಯುವ ಕೆಳಅಂಚಿನಲ್ಲಿ ಸಾರಿಸಿದ ಮಣ್ಣಿನ ನೆಲ. ಅಜ್ಜಿಯ ಎಡಗೈ ಕುರ್ಚಿಯ ಬೆನ್ನಿನ ಮೇಲಿದೆ. ಬಲಗೈ ಸೀರೆಯ ನೆರಿಗೆಯತ್ತ ಇಳಿದು ಕಟ್ಟಿನ ಅಂಚಿನಲ್ಲಿ ಮರೆಯಾಗಿದೆ. ಗಾಜು ಒಡೆದಿದ್ದರಿಂದ ಹೊಸ ಕಟ್ಟು ಹಾಕಿಸಲೆಂದು ಹಳೆಯದನ್ನು ಬಿಚ್ಚಿಸಿದಾಗ, ಮರದ ಪಟ್ಟಿಯ ಕೆಳಗೆ ಒಂದು ಬೆರಳಗಲ ಚಿತ್ರ ಮುಚ್ಚಿಹೋಗಿದ್ದದ್ದು ಗೊತ್ತಾಯಿತು. ಬಿಸಿಲು ತಾಗದ್ದರಿಂದ ಅಷ್ಟು ಭಾಗ ಮಾತ್ರ ಇನ್ನೂ ಕಡುಗಪ್ಪಾಗಿ, ತೆಗೆದ ದಿನದಂತಿತ್ತು. ಅಲ್ಲಿ ಅಜ್ಜಿಯ ಬಲಗೈಯ ಬೆರಳುಗಳಿದ್ದವು, ಆ ಬೆರಳುಗಳನ್ನು ಹಿಡಿದ ಒಂದು ಪುಟ್ಟ ಕೈ, ಅದರ ಮಣಿಕಟ್ಟಿಗೆ ಕಪ್ಪು ದಾರ. ಅಮ್ಮನಿಗಿಂತ ಮೊದಲು ಹುಟ್ಟಿದ ಮಗುವಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಹೊಸ ಕಟ್ಟನ್ನು ಒಂದು ಬೆರಳಗಲ ದೊಡ್ಡದಾಗಿ ಹಾಕಿಸಿದ್ದೇನೆ.