ತಾನಾಗಿ ಬೀಳುವ ಬ್ರೇಕು: ಎಷ್ಟು ನೆಚ್ಚಬಹುದು?

ಹೊಸ ಕಾರುಗಳ ಜಾಹೀರಾತಿನಲ್ಲಿ ಈ ದೃಶ್ಯವನ್ನು ನೀವು ನೋಡಿರಬಹುದು. ಚಾಲಕ ಒಂದು ಕ್ಷಣ ಮೈಮರೆಯುತ್ತಾನೆ, ಯಾರೋ ಅಡ್ಡ ಬರುತ್ತಾರೆ, ಕಾರು ತಾನಾಗಿ ನಿಲ್ಲುತ್ತದೆ. ಇದು ಸ್ವಯಂಚಾಲಿತ ತುರ್ತು ಬ್ರೇಕ್ ವ್ಯವಸ್ಥೆಯ ಕೆಲಸ. ಕಾರು ನಿಲ್ಲುವುದು ಸುಳ್ಳಲ್ಲ. ಆದರೆ ಯಾವ ವೇಗದಲ್ಲಿ, ಯಾವ ಬೆಳಕಿನಲ್ಲಿ, ಯಾರ ಮುಂದೆ?

ವ್ಯವಸ್ಥೆಯ ತತ್ತ್ವ ಸರಳ. ಕಾರಿನ ಮುಂಭಾಗದ ರೇಡಾರ್ ಎದುರಿನ ವಸ್ತುವಿನ ದೂರವನ್ನೂ, ಡಾಪ್ಲರ್ ಪರಿಣಾಮದ ನೆರವಿನಿಂದ ಅದರ ಸಾಪೇಕ್ಷ ವೇಗವನ್ನೂ ಅಳೆಯುತ್ತದೆ. ಗಾಜಿನ ಹಿಂದಿರುವ ಕ್ಯಾಮೆರಾ ಆ ವಸ್ತು ಏನೆಂದು ಗುರುತಿಸುತ್ತದೆ. ದೂರವನ್ನು ಸಾಪೇಕ್ಷ ವೇಗದಿಂದ ಭಾಗಿಸಿದರೆ ಡಿಕ್ಕಿಗೆ ಉಳಿದಿರುವ ಸಮಯ ಸಿಗುತ್ತದೆ. ಅದು ತೀರ ಕಡಿಮೆಯಾದಾಗ ಮೊದಲು ಎಚ್ಚರಿಕೆಯ ಸದ್ದು, ಆಮೇಲೆ ಬ್ರೇಕು.

ಈಗ ಒಂದು ಲೆಕ್ಕ ಮಾಡಿ ನೋಡಿ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಪ್ರತಿ ಸೆಕೆಂಡಿಗೆ ಸುಮಾರು 7 ಮೀಟರ್‌ನಷ್ಟು ವೇಗ ತಗ್ಗುತ್ತದೆ ಎನ್ನೋಣ. ಕಾರು ನಿಲ್ಲಲು 29 ಮೀಟರ್ ಬೇಕು. ಕಂಪ್ಯೂಟರಿಗೆ ಖಾತರಿಯಾಗುವ ಹೊತ್ತಿಗೆ ಉಳಿದಿರುವುದು 20 ಮೀಟರ್ ಮಾತ್ರವಾದರೆ ಡಿಕ್ಕಿ ತಪ್ಪದು. ಆದರೆ ಬಡಿಯುವ ವೇಗ 40 ಕಿ.ಮೀ.ಗೆ ಇಳಿದಿರುತ್ತದೆ, ಚಲನಶಕ್ತಿ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಾಗಿರುತ್ತದೆ. ಇದು ಸಣ್ಣ ಲಾಭವಲ್ಲ. ಜಾಹೀರಾತಿನಲ್ಲಿ ತೋರಿಸುವ ಲಾಭವೂ ಅಲ್ಲ.

ಹಾಗಾದರೆ ಇನ್ನೂ ಮುಂಚೆಯೇ ಬ್ರೇಕ್ ಹಾಕಬಾರದೇ? ಇಲ್ಲಿಯೇ ತೊಡಕಿರುವುದು. ಸೇತುವೆ, ಫಲಕ, ಕಂಬಗಳೆಲ್ಲ ರೇಡಾರಿಗೆ ನಿಂತ ವಸ್ತುಗಳೇ. ಅವಕ್ಕೆಲ್ಲ ಬ್ರೇಕ್ ಹಾಕುತ್ತ ಹೋದರೆ ಹೆದ್ದಾರಿಯಲ್ಲಿ ಹಿಂದಿನವರು ಬಂದು ಗುದ್ದುತ್ತಾರೆ. ಕಾರಣವಿಲ್ಲದೆ ಬ್ರೇಕ್ ಬೀಳುತ್ತದೆಂಬ 354 ದೂರುಗಳ ಮೇಲೆ 2022ರಲ್ಲಿ ಅಮೆರಿಕದ ಸುರಕ್ಷತಾ ಇಲಾಖೆ ಟೆಸ್ಲಾ ಕಾರುಗಳ ತನಿಖೆ ಆರಂಭಿಸಿತು. ಹೀಗಾಗಿ ಎಂಜಿನಿಯರುಗಳು ನಿಂತ ವಸ್ತುಗಳ ಪ್ರತಿಧ್ವನಿಯನ್ನು ಬಹುಮಟ್ಟಿಗೆ ಸೋಸಿಬಿಡುತ್ತಿದ್ದರು. ಕೆಟ್ಟು ನಿಂತ ಲಾರಿಯೂ ಆ ಜರಡಿಯಲ್ಲಿ ಸೋರಿಹೋಗಬಹುದು! ಕ್ಯಾಮೆರಾ ಈ ಕೊರತೆಯನ್ನು ಎಷ್ಟೋ ಮಟ್ಟಿಗೆ ತುಂಬಿದೆ. ಆದರೆ ಕತ್ತಲು, ಮಳೆ, ಎದುರುಬಿಸಿಲಿನಲ್ಲಿ ಕ್ಯಾಮೆರಾಕ್ಕೇ ಕಣ್ಣು ಮಂಜು.

ಅಮೆರಿಕದ ವಾಹನ ಸಂಘ ಟ್ರಿಪಲ್ ಎ 2019ರಲ್ಲಿ ನಾಲ್ಕು ಕಾರುಗಳನ್ನು ಬೊಂಬೆಗಳ ಮುಂದೆ ಓಡಿಸಿ ಪರೀಕ್ಷಿಸಿತು. ಹಗಲಿನಲ್ಲಿ, ಗಂಟೆಗೆ ಬರೀ 32 ಕಿ.ಮೀ. ವೇಗದಲ್ಲಿ, ರಸ್ತೆ ದಾಟುತ್ತಿದ್ದ ವಯಸ್ಕ ಬೊಂಬೆಗೆ ಡಿಕ್ಕಿ ತಪ್ಪಿದ್ದು ಶೇ. 40 ಸಲ. ನಿಂತ ಕಾರುಗಳ ನಡುವಿನಿಂದ ಓಡಿಬಂದ ಮಗುವಿನ ಬೊಂಬೆಗೆ ಶೇ. 89 ಸಲ ಡಿಕ್ಕಿಯಾಯಿತು. ರಾತ್ರಿಯಲ್ಲಂತೂ ವ್ಯವಸ್ಥೆ ಪ್ರಯೋಜನಕ್ಕೇ ಬರಲಿಲ್ಲ. ಆಮೇಲಿನ ಮಾದರಿಗಳು ಸುಧಾರಿಸಿವೆ, ನಿಜ. ರಾತ್ರಿಯಲ್ಲೂ ಪಾದಚಾರಿಯನ್ನು ಗುರುತಿಸಬೇಕೆಂದು ಅಮೆರಿಕ 2024ರಲ್ಲಿ ನಿಯಮವನ್ನೇ ಮಾಡಬೇಕಾಯಿತು.

ಮುಂದಿರುವುದು ಕಾರಾದರೆ ಮಾತು ಬೇರೆ. ಅಲ್ಲಿನ ವಿಮಾ ಸಂಸ್ಥೆಗಳ ಸಂಶೋಧನಾ ಘಟಕ ಐಐಎಚ್‌ಎಸ್ ಕಂಡುಕೊಂಡಂತೆ, ಮುನ್ನೆಚ್ಚರಿಕೆ ಮತ್ತು ಈ ಬ್ರೇಕು ಎರಡೂ ಇದ್ದ ಕಾರುಗಳು ಮುಂದಿನ ಕಾರಿಗೆ ಗುದ್ದುವುದು ಶೇ. 53ರಷ್ಟು ತಗ್ಗಿತು. ಮುಂದಿರುವುದು ಮೋಟಾರ್‌ಸೈಕಲ್ ಆದರೆ ಇಳಿಕೆ ಶೇ. 41, ಲಾರಿಯಾದರೆ ಶೇ. 38.

ಈ ಅಂಕಿಗಳನ್ನು ನಮ್ಮ ರಸ್ತೆಗೆ ಹಚ್ಚಿ ನೋಡಿ. ಭಾರತದಲ್ಲಿ 2022ರ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, 32,825 ಮಂದಿ ಪಾದಚಾರಿಗಳು. ಅಂದರೆ ಈ ಯಂತ್ರ ಚೆನ್ನಾಗಿ ಕಾಣುವುದು ಕಾರನ್ನು. ನಮ್ಮಲ್ಲಿ ಹೆಚ್ಚಾಗಿ ಸಾಯುವವರು ಕಾರಿನ ಹೊರಗಿದ್ದವರು. ಅಂಗಡಿಯಲ್ಲಿ ಕಾರಿನ ಗುಣಗಾನ ಕೇಳುವಾಗ, ರಾತ್ರಿ ಹೊತ್ತು ದೀಪವಿಲ್ಲದ ಸೈಕಲ್ಲಿನ ಮುಂದೆ ಇದು ಎಷ್ಟು ವೇಗದವರೆಗೆ ನಿಲ್ಲುತ್ತದೆಂದು ಕೇಳಿ. ಉತ್ತರ ಸಿಗದಿದ್ದರೆ ಕಾರಿನ ಕೈಪಿಡಿಯಲ್ಲಿ ಈ ಬ್ರೇಕಿನ ಭಾಗವನ್ನು ತೆರೆಯಿರಿ. ಅದು ಯಾವಾಗ ಕೆಲಸ ಮಾಡದಿರಬಹುದು ಎಂಬ ಪಟ್ಟಿ ಅಲ್ಲಿರುತ್ತದೆ.