ಸಿಡಿಗುಂಡೂ ಸಂಸಾರವೂ: ಕಾನ್ರಾಡನ ‘ದಿ ಸೀಕ್ರೆಟ್ ಏಜೆಂಟ್’

ಬಾಂಬಿನ ಕಥೆಯನ್ನು ಹೇಳಹೊರಟವನಿಗೆ ಸುಲಭವಾದ ದಾರಿಯೊಂದುಂಟು. ಅದು ಸಿಡಿಯುವುದೆಲ್ಲಿ, ಸಿಡಿಯುವುದೆಂದು, ತಡೆಯುವವನು ವೇಳೆಗೆ ಸರಿಯಾಗಿ ಬಂದಾನೆ ಇಲ್ಲವೆ ಎಂಬ ಮೂರು ಪ್ರಶ್ನೆಗಳಿಂದ ವಾಚಕನನ್ನು ಕಟ್ಟಿ ಕಡೆಯ ಪುಟದವರೆಗೆ ಎಳೆದೊಯ್ಯಬಹುದು. ಅಂತಹ ಪುಸ್ತಕದಲ್ಲಿ ಸಾಯುವವರಿಗೆ ಹೆಸರಿರುವುದಿಲ್ಲ. ಅವರು ಲೆಕ್ಕಕ್ಕೆ ಮಾತ್ರ ಒದಗುವರು. ಜೋಸೆಫ್ ಕಾನ್ರಾಡನು ೧೯೦೭ರಲ್ಲಿ ಪ್ರಕಟಿಸಿದ ‘ದಿ ಸೀಕ್ರೆಟ್ ಏಜೆಂಟ್’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿಯೂ ಬಾಂಬುಂಟು, ಗೂಢಚಾರನುಂಟು, ಪೋಲೀಸರುಂಟು. ಆದರೆ ಗ್ರಂಥಕರ್ತನು ಕೇಳುವ ಪ್ರಶ್ನೆಯೇ ಬೇರೆ: ಸತ್ತವನು ಯಾರ ಮನೆಯ ಮಗು?

ಕಥೆಗೆ ಆಧಾರವಾದ ಘಟನೆಯು ನಿಜವಾಗಿ ನಡೆದುದು. ೧೮೯೪ನೆಯ ಫೆಬ್ರವರಿ ೧೫ರಂದು ಲಂಡನ್ನಿನ ಗ್ರೀನಿಚ್ ಉದ್ಯಾನದಲ್ಲಿ, ವೇಧಶಾಲೆಯ ಸಮೀಪದಲ್ಲಿ, ಮಾರ್ಷಿಯಲ್ ಬೂರ್ದಾನ್ ಎಂಬ ಫ್ರೆಂಚ್ ಯುವಕನ ಕೈಯಲ್ಲಿದ್ದ ಬಾಂಬು ಸಿಡಿದು ಅವನೇ ಮೃತನಾದನು. ವೇಧಶಾಲೆಗೆ ಏನೂ ಆಗಲಿಲ್ಲ. ಅವನ ಉದ್ದೇಶವೇನೆಂಬುದು ಬಗೆಹರಿಯಲೂ ಇಲ್ಲ. ಕಾನ್ರಾಡನಿಗೆ ಗುಪ್ತ ರಾಜಕಾರಣವು ಕೇವಲ ಓದಿ ತಿಳಿದ ವಿಷಯವಾಗಿರಲಿಲ್ಲ. ೧೮೫೭ರಲ್ಲಿ ಪೋಲಿಷ್ ಮನೆತನದಲ್ಲಿ ಹುಟ್ಟಿದ ಅವನು, ರಷ್ಯದ ದೊರೆತನವನ್ನು ಎದುರಿಸಿದ ತಂದೆಯೊಡನೆ ಬಾಲ್ಯದಲ್ಲಿಯೇ ಗಡೀಪಾರಿನ ಕಷ್ಟವನ್ನುಂಡವನು.

ಕಥಾನಾಯಕನೆಂದು ಕರೆಯಲು ಯೋಗ್ಯತೆಯಿಲ್ಲದ ವರ್ಲಾಕನು ಲಂಡನ್ನಿನ ಸೋಹೊ ಎಂಬಲ್ಲಿ ಸಣ್ಣದೊಂದು ಅಂಗಡಿಯನ್ನಿಟ್ಟಿರುವನು. ಅವನು ಅರಾಜಕವಾದಿಗಳ ಗೆಳೆಯ. ಪರರಾಜ್ಯವೊಂದರ ರಾಯಭಾರ ಕಚೇರಿಯಿಂದ ಸಂಬಳ ಪಡೆಯುವ ಗೂಢಚಾರ. ಜೊತೆಗೆ ಪೋಲೀಸರಿಗೂ ಸುದ್ದಿ ಕೊಡುವವನು. ಕಚೇರಿಯ ವ್ಲಾಡಿಮಿರನೆಂಬ ಅಧಿಕಾರಿಯು ವೇಧಶಾಲೆಯನ್ನು ಸಿಡಿಸೆಂದು ಅವನಿಗೆ ಆಜ್ಞಾಪಿಸುತ್ತಾನೆ. ರಾಜನನ್ನು ಕೊಂದರೆ ಜನಕ್ಕೆ ಕಾರಣ ತಿಳಿಯುತ್ತದೆ, ಶಾಸ್ತ್ರದ ಮೇಲೆ ಬಿದ್ದರೆ ಕಾರಣವೇ ತೋರದೆ ಅವರು ಬೆದರುತ್ತಾರೆ, ಬೆದರಿದ ಆಂಗ್ಲ ಸರಕಾರವು ಆಶ್ರಿತರಾದ ಕ್ರಾಂತಿಕಾರರನ್ನು ಅಡಗಿಸುತ್ತದೆ ಎಂಬುದು ಅವನ ತರ್ಕ. ಭೀತಿಯನ್ನು ಬಿತ್ತುವವನು ಇಲ್ಲಿ ಬಂಡಾಯಗಾರನಲ್ಲ, ಅಧಿಕಾರಸ್ಥನು. ಕಾದಂಬರಿಯ ರಾಜಕೀಯ ದೃಷ್ಟಿಯಲ್ಲಿ ಇದಕ್ಕಿಂತ ತೀಕ್ಷ್ಣವಾದುದು ಬೇರೊಂದಿಲ್ಲ.

ಕೃತಿಯ ಹೃದಯವಿರುವುದು ಅಂಗಡಿಯ ಹಿಂದಿನ ಮನೆಯಲ್ಲಿ. ವರ್ಲಾಕನ ಹೆಂಡತಿ ವಿನ್ನಿಗೆ ಸ್ಟೀವಿ ಎಂಬ ಮಂದಬುದ್ಧಿಯ ತಮ್ಮನಿದ್ದಾನೆ. ಅವನಿಗೆ ನೆರಳಾಗಲೆಂದೇ ಆಕೆ ತಾನು ಮೆಚ್ಚಿದ ಹುಡುಗನನ್ನು ತೊರೆದು ವರ್ಲಾಕನನ್ನು ವರಿಸಿದವಳು. ಮಗನ ಭಾರವು ಅಳಿಯನ ಮೇಲೆ ನಿಲ್ಲಲೆಂದು ತಾಯಿಯು ಧರ್ಮಾರ್ಥದ ಆಶ್ರಯಕ್ಕೆ ಹೊರಟುಹೋಗುವಳು. ಹುಡುಗನನ್ನು ಜೊತೆಗೆ ಕರೆದುಕೊಂಡು ತಿರುಗಾಡಿರೆಂದು ವಿನ್ನಿಯೇ ಗಂಡನನ್ನು ಒಪ್ಪಿಸುವಳು. ಎಲ್ಲಿಯಾದರೂ ತಪ್ಪಿಸಿಕೊಂಡಾನೆಂದು ಅವನ ಮೇಲಂಗಿಯೊಳಗೆ ಮನೆಯ ವಿಳಾಸವನ್ನೂ ಹೊಲಿಯುವಳು. ವರ್ಲಾಕನು ಆ ಹುಡುಗನ ಕೈಗೆ ಬಾಂಬನ್ನು ಕೊಡುತ್ತಾನೆ. ಮರದ ಬೇರಿಗೆ ಎಡವಿದ ಸ್ಟೀವಿಯ ದೇಹ ಛಿದ್ರವಾಗುತ್ತದೆ. ವಿಳಾಸದ ಬಟ್ಟೆಯ ಚೂರೊಂದು ಪೋಲೀಸರ ಕೈಸೇರುತ್ತದೆ. ಅಕ್ಕನ ವಾತ್ಸಲ್ಯವೇ ತಮ್ಮನನ್ನು ಸಾವಿನತ್ತ ಕಳುಹಿಸಿತು. ಅದೇ ಅವನ ಗುರುತನ್ನೂ ಹೇಳಿತು.

ಈ ದುಃಖವನ್ನು ಕಾನ್ರಾಡನು ಹೇಳುವ ಕ್ರಮವು ವಿಚಾರಾರ್ಹವಾದುದು. ಸ್ಫೋಟವನ್ನು ಅವನು ಎಲ್ಲಿಯೂ ಕಣ್ಣಮುಂದೆ ತೋರಿಸುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಅದರ ಸುದ್ದಿ ಬರುತ್ತದೆ. ಎಂಟನೆಯದರಲ್ಲಿ ಕಥೆ ಹಿಂದಕ್ಕೆ ಸರಿದು, ಜೀವಂತನಾದ ಸ್ಟೀವಿಯು ತಾಯಿಯೊಡನೆ ಬಾಡಿಗೆಯ ಕುದುರೆಗಾಡಿಯಲ್ಲಿ ಹೋಗುತ್ತಾನೆ. ಬಡಕಲು ಕುದುರೆಯನ್ನು ಹೊಡೆಯಬೇಡವೆಂದು ಅವನು ತೊದಲುತ್ತಾ ಬೇಡಿಕೊಳ್ಳುವಾಗ, ಸತ್ತವನು ಯಾರೆಂಬ ಶಂಕೆಯು ವಾಚಕನಲ್ಲಿ ಆಗಲೇ ಮೂಡಿರುತ್ತದೆ. ಮುಂದೇನಾಗುವುದೋ ಎಂಬ ಕುತೂಹಲದ ಸ್ಥಾನದಲ್ಲಿ, ಆಗಿಹೋದುದನ್ನು ತಡೆಯಲಾರೆವಲ್ಲಾ ಎಂಬ ಸಂಕಟವು ನಿಲ್ಲುತ್ತದೆ. ಭಯಾನಕವು ಕರುಣಕ್ಕೆ ಎಡೆಬಿಡುವುದು ಹೀಗೆ.

ಮದ್ದನ್ನು ಒದಗಿಸಿದವನು ‘ಪ್ರೊಫೆಸರ್’ ಎಂಬ ಕುಳ್ಳನು. ಅವನ ಮೈಮೇಲೆ ಸದಾ ಸ್ಫೋಟಕವಿರುತ್ತದೆ. ಜೇಬಿನಲ್ಲಿರುವ ರಬ್ಬರಿನ ಚೆಂಡನ್ನು ಅದುಮಿದರೆ ಇಪ್ಪತ್ತು ಸೆಕೆಂಡುಗಳಲ್ಲಿ ಅವನೂ ಸುತ್ತಲಿನವರೂ ಇಲ್ಲವಾಗುವರು. ಅವನ ಹಂಬಲವೆಲ್ಲವೂ ಲೋಪವಿಲ್ಲದ ಸಿಡಿಕೀಲೊಂದನ್ನು ಕಂಡುಹಿಡಿಯುವುದು. ಅದು ಯಾರನ್ನು ಕೊಲ್ಲುವುದೆಂಬ ಚಿಂತೆ ಅವನಿಗಿಲ್ಲ. ಯಂತ್ರದ ಪರಿಪೂರ್ಣತೆಯಲ್ಲಿ ಮನುಷ್ಯನನ್ನು ಮರೆತ ಈ ಬುದ್ಧಿಯೇ ಕೃತಿಯಲ್ಲಿನ ಅತ್ಯಂತ ದೊಡ್ಡ ಅಪಾಯ. ೧೯೪೫ರ ಹಿರೋಷಿಮಾವನ್ನು ಬಲ್ಲ ವಾಚಕನಿಗೆ ಅವನು ಬರಿಯ ಹುಚ್ಚನಾಗಿ ತೋರಲಾರನು.

ಗ್ರಂಥಕ್ಕೆ ದೋಷವಿಲ್ಲವೆಂದಲ್ಲ. ಕಾನ್ರಾಡನ ವ್ಯಂಗ್ಯವು ಒಮ್ಮೊಮ್ಮೆ ನ್ಯಾಯವನ್ನು ಮೀರುತ್ತದೆ. ಅವನ ಕ್ರಾಂತಿಕಾರರು ಸೋಮಾರಿಗಳು, ಬಾಯಿಬಡುಕರು, ಹೆಂಗಸರ ಹಣದಲ್ಲಿ ಬಾಳುವವರು; ನಂಬಿದುದಕ್ಕಾಗಿ ತನ್ನನ್ನು ತೆತ್ತುಕೊಳ್ಳಬಲ್ಲ ಸಜ್ಜನನೊಬ್ಬನೂ ಅವರಲ್ಲಿಲ್ಲ. ತಂದೆಯ ತ್ಯಾಗವನ್ನು ಕಂಡವನ ಲೇಖನಿಗೆ ಇದು ಕೊರತೆಯೇ ಸರಿ. ಆದರೆ ಪೋಲೀಸರಿಗೂ ಅವನು ರಿಯಾಯಿತಿ ತೋರಿಲ್ಲ: ಹೀಟ್ ಎಂಬ ಅಧಿಕಾರಿಯು ತನಗೆ ಸುದ್ದಿ ಕೊಡುವವನನ್ನು ಉಳಿಸಿಕೊಳ್ಳಲು ನಿರಪರಾಧಿಯೊಬ್ಬನ ಮೇಲೆ ತಪ್ಪು ಹೊರಿಸಲು ಸಿದ್ಧನಾಗುವನು. ಬಡವರ ಪಾಡಿಗಾಗಿ ನಿಜವಾಗಿ ಮರುಗುವವನು ಆ ಮಂದಬುದ್ಧಿಯ ಹುಡುಗನೊಬ್ಬನೇ. ಬಾಂಬಿಗೆ ಬಲಿಯಾಗುವವನೂ ಅವನೇ.

ಕೊನೆಗೆ ವಿನ್ನಿಯು ಗಂಡನನ್ನು ಇರಿದು, ಆಶ್ರಯ ಕೊಡುವೆನೆಂದು ನಂಬಿಸಿದವನಿಂದ ವಂಚಿತಳಾಗಿ ಸಮುದ್ರದ ಪಾಲಾಗುವಳು. ವೃತ್ತಪತ್ರಿಕೆಗೆ ಅದು ಕೆಲವು ಸಾಲುಗಳ ಸುದ್ದಿ. ಆ ಸಾಲುಗಳ ಹಿಂದೆ ಒಂದು ಅಡಿಗೆಮನೆ, ಒಬ್ಬ ತಾಯಿ, ಅಂಗಿಯೊಳಗೆ ಹೊಲಿದ ಒಂದು ವಿಳಾಸ ಇದ್ದುವೆಂಬುದನ್ನು ಕಾದಂಬರಿಯು ತಿಳಿಸಿಕೊಟ್ಟಿದೆ. ರೋಮಾಂಚನವನ್ನು ಮಾತ್ರ ಬಯಸುವವರಿಗೆ ಇದು ಮಂದಗತಿಯ ಗ್ರಂಥವೆನ್ನಿಸಬಹುದು. ತಾಳ್ಮೆಯಿಂದ ಓದಿದವರು ಮುಂದೆ ಇಂತಹ ಸುದ್ದಿಯನ್ನು ಪತ್ರಿಕೆಯಲ್ಲಿ ಕಂಡಾಗ ಸತ್ತವರ ಸಂಖ್ಯೆಯನ್ನಷ್ಟೇ ನೋಡಿ ಪುಟವನ್ನು ಮಗುಚಲಾರರು.