ಧಣಿಯೇ ಕಥೆ ಹೇಳುವಾಗ

ವೇಲ್ಸ್‌ನ ರೆಕ್ಸಮ್ ಎಂಬ ಊರಿನ ಫುಟ್‌ಬಾಲ್ ಕ್ಲಬ್ಬನ್ನು ಇಬ್ಬರು ನಟರ ಕೈಗೆ ಕೊಡಬೇಕೋ ಬೇಡವೋ ಎಂದು 2020ರ ನವೆಂಬರಿನಲ್ಲಿ ಆ ಕ್ಲಬ್ಬಿನ ಒಡೆತನ ಹೊಂದಿದ್ದ ಅಭಿಮಾನಿಗಳ ಟ್ರಸ್ಟ್ ಮತಕ್ಕೆ ಹಾಕಿತು. ಕೊಡೋಣ ಎಂದವರು 1,809 ಜನ. ಬೇಡ ಎಂದವರು 26. ಇನ್ನು 9 ಮಂದಿ ಯಾವ ಕಡೆಗೂ ವಾಲಲಿಲ್ಲ. ಆ ನಟರು ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕೆಲ್ಹೆನಿ. ಆಮೇಲೆ ನಡೆದದ್ದನ್ನು ‘ವೆಲ್ಕಮ್ ಟು ರೆಕ್ಸಮ್’ ಎಂಬ ಸಾಕ್ಷ್ಯಚಿತ್ರ ಸರಣಿ 2022ರಿಂದ ಜಗತ್ತಿಗೆಲ್ಲ ಹೇಳುತ್ತಾ ಬಂದಿದೆ. ಸರಣಿಯನ್ನು ನೋಡುತ್ತಾ ಹೋದಂತೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಂತದ್ದು ಆ 26 ಜನರ ಹತ್ತಿರ. ಅವರೇನು ಯೋಚಿಸಿದ್ದಿರಬಹುದು? ಹಾಲಿವುಡ್ ದುಡ್ಡು ತಾನಾಗಿ ಮನೆಬಾಗಿಲಿಗೆ ಬಂದಾಗ ಒಲ್ಲೆ ಎನ್ನಲು ಒಂದೋ ಹಟ ಬೇಕು, ಇಲ್ಲವೇ ನೆನಪು ಬೇಕು.

ರೆಕ್ಸಮ್ ಜನರಿಗೆ ನೆನಪಿಡಲು ಬೇಕಾದಷ್ಟಿತ್ತು. 1864ರಲ್ಲಿ ಹುಟ್ಟಿದ ಕ್ಲಬ್ಬು ಅದು. ಅದರ ರೇಸ್‌ಕೋರ್ಸ್ ಮೈದಾನದ ನೆಲದ ಮೇಲೆ ಕಣ್ಣಿಟ್ಟ ಮಾಲೀಕನೊಬ್ಬ 2004ರಲ್ಲಿ ಕ್ಲಬ್ಬಿಗೇ ಜಾಗ ಖಾಲಿ ಮಾಡುವಂತೆ ನೋಟಿಸ್ ಕೊಟ್ಟಿದ್ದ. ತನ್ನ ಮನೆಯ ದೇವರನ್ನೇ ಬಾಡಿಗೆ ಕಟ್ಟಿಲ್ಲವೆಂದು ಹೊರಹಾಕಿದ ಹಾಗೆ. ಅದೇ ವರ್ಷದ ಕೊನೆಗೆ ಕ್ಲಬ್ಬು ದಿವಾಳಿಯ ಅಂಚಿಗೆ ಹೋಗಿ ಆಡಳಿತಾಧಿಕಾರಿಗಳ ಕೈಸೇರಿತು. ಹಾಗಾದದ್ದಕ್ಕೆ ಹತ್ತು ಅಂಕಗಳನ್ನು ಕಳೆದುಕೊಂಡ ಮೊದಲ ಲೀಗ್ ಕ್ಲಬ್ ಅದು. 2008ರಲ್ಲಿ ಐದನೇ ಸ್ತರಕ್ಕೆ ಇಳಿಯಿತು. 2011ರಲ್ಲಿ ಮತ್ತೆ ಮುಳುಗುವ ಹೊತ್ತಿಗೆ ಊರಿನವರು ಒಂದೇ ದಿನದಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಒಟ್ಟುಮಾಡಿ ಕ್ಲಬ್ಬನ್ನು ಉಳಿಸಿಕೊಂಡರು, ಆ ವರ್ಷದ ಕೊನೆಗೆ ಟ್ರಸ್ಟ್ ಅದರ ಒಡೆತನ ವಹಿಸಿಕೊಂಡಿತು. ಮುಂದಿನ ಒಂಬತ್ತು ವರ್ಷ ಅದು ಊರಿನವರದೇ ಕ್ಲಬ್ಬಾಗಿತ್ತು.

‘ಓನರ್’ ಎಂಬ ಒಂದೇ ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಕನಿಷ್ಠ ನಾಲ್ಕು ಪದಗಳಿವೆ, ನಾಲ್ಕೂ ಬೇರೆ ಬೇರೆ. ಮಾಲೀಕನ ಕೈಯಲ್ಲಿ ಕಾಗದಪತ್ರ ಇರುತ್ತದೆ. ಒಡೆಯನಿಗೆ ಹಕ್ಕು ಇರುವಷ್ಟೇ ಹೊಣೆಯೂ ಇರುತ್ತದೆ. ಧಣಿ ಎಂದೊಡನೆ ಆಳು ಎದುರಿಗೆ ಬಂದು ನಿಲ್ಲುತ್ತಾನೆ. ಯಜಮಾನನಿಗೆ ಮನೆ ಬೇಕು, ಮನೆಮಂದಿ ಬೇಕು. ‘ವೆಲ್ಕಮ್ ಟು ರೆಕ್ಸಮ್’ ಸರಣಿಯ ಅಷ್ಟೂ ಕೌಶಲ ಇರುವುದು ಮಾಲೀಕರನ್ನು ನಮ್ಮ ಕಣ್ಣೆದುರೇ ಯಜಮಾನರನ್ನಾಗಿ ಮಾಡುವುದರಲ್ಲಿ. ಅವರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ, ಆಫ್‌ಸೈಡ್ ಎಂದರೇನೆಂದು ಗೊತ್ತಿಲ್ಲದವರಂತೆ ಪೆಚ್ಚಾಗುತ್ತಾರೆ, ಸೋತಾಗ ಕಣ್ಣೀರಿಡುತ್ತಾರೆ. ನಗಿಸುವ ಧಣಿಯನ್ನು ಅನುಮಾನಿಸುವುದು ಕಷ್ಟ. ಅವರ ಪ್ರೀತಿ ನಟನೆ ಎಂದು ನಾನು ಹೇಳುತ್ತಿಲ್ಲ. ನಿಜವೇ ಇರಬಹುದು, ನಿಜವೆಂದೇ ನನಗೂ ಅನ್ನಿಸುತ್ತದೆ. ಆದರೆ ಈ ಕಥೆಯ ನಾಯಕರೂ ಅವರೇ, ನಿರೂಪಕರೂ ಅವರೇ, ನಿರ್ಮಾಪಕರೂ ಅವರೇ. ಕಾದಂಬರಿಯಲ್ಲಾದರೆ ಇಂಥ ನಿರೂಪಕ ಸಿಕ್ಕಾಗ ನಾವು ತುಸು ಎಚ್ಚರದಿಂದ ಓದುತ್ತೇವೆ. ಸಾಕ್ಷ್ಯಚಿತ್ರ ಎಂಬ ಹಣೆಪಟ್ಟಿ ಇದ್ದರೆ ಆ ಎಚ್ಚರ ಎಲ್ಲಿಗೋ ಹೋಗುತ್ತದೆ.

ಈ ಸರಣಿಯ ವಂಶವೃಕ್ಷವೂ ಕುತೂಹಲದ್ದು. ಮ್ಯಾಕೆಲ್ಹೆನಿಗೆ ಕ್ಲಬ್ ಕೊಳ್ಳುವ ಹುಚ್ಚು ಹತ್ತಿದ್ದು ಇನ್ನೊಂದು ಸರಣಿಯನ್ನು ನೋಡಿ. ಅದು ನೆಟ್‌ಫ್ಲಿಕ್ಸ್‌ನ ‘ಸಂಡರ್‌ಲ್ಯಾಂಡ್ ಟಿಲ್ ಐ ಡೈ’, 2018ರದ್ದು. ಗೆಳೆಯನೊಬ್ಬ ಅದನ್ನು ನೋಡೆಂದು ಹೇಳಿದನಂತೆ. ಅಂದರೆ ಒಂದು ಕಥನ ಇನ್ನೊಂದು ಕಥನವನ್ನು ಮಾತ್ರವಲ್ಲ, ಒಂದು ಖರೀದಿಯನ್ನೇ ಹುಟ್ಟಿಸಿತು. ಕಾವ್ಯ ಓದಿ ಕವಿಯಾದವರನ್ನು ಕಂಡಿದ್ದೇವೆ, ಸಾಕ್ಷ್ಯಚಿತ್ರ ನೋಡಿ ಸಾಹುಕಾರಿಕೆಗೆ ಇಳಿದವರು ಅಪರೂಪ.

ಆ ಮೊದಲ ಸರಣಿ ನನ್ನ ಲೆಕ್ಕದಲ್ಲಿ ಎಷ್ಟೋ ಪಾಲು ಮೇಲು. ಅದಕ್ಕೆ ಕಾರಣ ಅದು ಯೋಜಿಸಿದಂತೆ ಆಗದೇ ಹೋದದ್ದು. ಪ್ರೀಮಿಯರ್ ಲೀಗಿನಿಂದ 2017ರಲ್ಲಿ ಕೆಳಗಿಳಿದ ಸಂಡರ್‌ಲ್ಯಾಂಡ್ ಮತ್ತೆ ಮೇಲೇರುವ ಕಥೆ ಸಿಗುತ್ತದೆಂದು ಕ್ಯಾಮೆರಾ ಹೊತ್ತು ಹೋದವರಿಗೆ ಸಿಕ್ಕಿದ್ದು ಇನ್ನೊಂದು ಪತನ: ಕ್ಲಬ್ಬು ಮೂರನೇ ಸ್ತರಕ್ಕೆ ಬಿತ್ತು. ಹಡಗುಕಟ್ಟೆಗಳೂ ಕಲ್ಲಿದ್ದಲ ಗಣಿಗಳೂ ಮುಚ್ಚಿದ ಊರು, ಚರ್ಚಿನಲ್ಲಿ ತಂಡಕ್ಕಾಗಿ ಪ್ರಾರ್ಥನೆ, ಅಡುಗೆಮನೆಯ ಹೆಂಗಸರು, ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಕಚೇರಿಯವರು. ಎರಡನೇ ಸರಣಿಯಲ್ಲಿ ಹೊಸ ಮಾಲೀಕ ಸ್ಟೂವರ್ಟ್ ಡೊನಾಲ್ಡ್ ಬರುತ್ತಾನೆ. 2019ರ ಜನವರಿ 31ರ ರಾತ್ರಿ, ಆಟಗಾರರ ವರ್ಗಾವಣೆಯ ಗಡುವು ಮುಗಿಯಲು ಗಂಟೆಗಳಿರುವಾಗ, ವಿಲ್ ಗ್ರಿಗ್ ಎಂಬ ಮುಂಚೂಣಿ ಆಟಗಾರನಿಗಾಗಿ ಅವನು ಬೆಲೆ ಏರಿಸುತ್ತಾ ಹೋಗುವ ದೃಶ್ಯವಿದೆ. ಅಷ್ಟು ಬಾಳುವುದಿಲ್ಲ ಎಂದು ಅವನ ಕಡೆಯವರೇ ಹೇಳುತ್ತಿದ್ದಾರೆ. ಅವನು ಕೇಳಿಸಿಕೊಳ್ಳುತ್ತಾನೆ, ತಲೆದೂಗುತ್ತಾನೆ, ಮತ್ತೆ ಏರಿಸುತ್ತಾನೆ. ಕಡೆಗೆ ಸುಮಾರು 30 ಲಕ್ಷ ಪೌಂಡಿಗೆ ವ್ಯಾಪಾರ ಕುದುರುತ್ತದೆ. ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋಗಿ ಜನರೆದುರು ಹಿಂದೆ ಸರಿಯಲಾರದೆ ಗಂಟು ಬಿಚ್ಚುವ ರೈತನ ಮುಖ ಅದು. ಗ್ರಿಗ್ ಆಮೇಲೆ ಹೆಚ್ಚು ಗೋಲು ಹೊಡೆಯಲಿಲ್ಲ. ಕೆಳಸ್ತರದ ಫುಟ್‌ಬಾಲಿನ ಅರ್ಥಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಹತ್ತು ನಿಮಿಷಗಳನ್ನು ನಾನು ನೋಡಿಲ್ಲ. ಅಲ್ಲಿ ಧಣಿ ಕ್ಯಾಮೆರಾದ ಮುಂದಿದ್ದಾನೆ, ಹಿಂದೆ ಇಲ್ಲ. ವ್ಯತ್ಯಾಸ ಅಷ್ಟೇ.

ಮತ್ತೆ ರೆಕ್ಸಮ್‌ಗೆ ಬರೋಣ. ಟ್ರಸ್ಟ್ ನಡೆಸಿದ ಒಂಬತ್ತು ವರ್ಷಗಳು ಸರಣಿಯಲ್ಲಿ ಪೂರ್ವಪೀಠಿಕೆಯಾಗಿ ಕಳೆದುಹೋಗುತ್ತವೆ, ರಾಜಕುಮಾರ ಬರುವ ಮೊದಲಿನ ಕತ್ತಲೆಯಂತೆ. ನನ್ನ ದೊಡ್ಡ ತಕರಾರು ಇದೇ. ಏಕೆಂದರೆ ಆ ವರ್ಷಗಳ ಒಳಗೆ ಒಂದು ಅದ್ಭುತ ಕಥೆ ಇದೆ. ಕ್ಲಬ್ಬು ಊರಿನವರ ಕೈಗೆ ಬಂದ 2011-12ರ ಋತುವಿನಲ್ಲೇ ರೆಕ್ಸಮ್ ಗಳಿಸಿದ್ದು 98 ಅಂಕ. ಅಷ್ಟು ಅಂಕಕ್ಕೆ ಸಾಮಾನ್ಯವಾಗಿ ಕಿರೀಟ ಖಚಿತ. ಸಿಗಲಿಲ್ಲ, ಏಕೆಂದರೆ 103 ಅಂಕ ಗಳಿಸಿದ ಫ್ಲೀಟ್‌ವುಡ್ ಟೌನ್ ಮುಂದಿತ್ತು. ಮೀನುಗಾರರ ಪುಟ್ಟ ಊರು ಫ್ಲೀಟ್‌ವುಡ್. ಅದರ ಹಿಂದೆ ನಿಂತಿದ್ದ ಧಣಿ, ವಿದ್ಯುತ್ ಮತ್ತು ಅನಿಲ ಮಾರುವ ಕಂಪನಿಗಳ ಆಂಡಿ ಪಿಲ್ಲಿ. ಆ ವರ್ಷ 31 ಲೀಗ್ ಗೋಲು ಹೊಡೆದು ಫ್ಲೀಟ್‌ವುಡ್ಡನ್ನು ಮೇಲೆತ್ತಿದವನು ಜೇಮಿ ವಾರ್ಡಿ, ಮುಂದೆ ಲೆಸ್ಟರ್ ಸಿಟಿಯನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದ ಅದೇ ವಾರ್ಡಿ. ಸಣ್ಣ ವ್ಯಾಪಾರಿಗಳಿಗೆ ವಿದ್ಯುತ್ ಒಪ್ಪಂದಗಳನ್ನು ಮೋಸದಿಂದ ಅಂಟಿಸಿದ ಪ್ರಕರಣದಲ್ಲಿ 2023ರಲ್ಲಿ ಪಿಲ್ಲಿಗೆ 13 ವರ್ಷ ಜೈಲಾಯಿತು. ಅದೇ 2023ರಲ್ಲಿ ರೆಕ್ಸಮ್ 111 ಅಂಕಗಳ ದಾಖಲೆಯೊಂದಿಗೆ ಐದನೇ ಸ್ತರದಿಂದ ಮೇಲೇರಿತು. ಈ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟರೆ ಸಿಗುವ ಕಾದಂಬರಿಯನ್ನು ಯಾರಾದರೂ ಬರೆಯಬೇಕು. ಊರಿನವರು ಚಿಲ್ಲರೆ ಕೂಡಿಸಿ ಕಟ್ಟಿದ ತಂಡ ಒಬ್ಬ ಧಣಿಯ ದುಡ್ಡಿಗೆ ಸೋತಿತು. ಹನ್ನೊಂದು ವರ್ಷದ ಮೇಲೆ ಅದೇ ತಂಡ ಬೇರೆ ಧಣಿಗಳ ದುಡ್ಡಿನಿಂದ ಗೆದ್ದಿತು. ಇದರಲ್ಲಿ ಕಾಲ್ಪನಿಕ ಕಥೆ ಯಾವುದು, ಊರಿನದೋ ಧಣಿಯದೋ?

111 ಅಂಕಗಳ ಬಗ್ಗೆಯೂ ಒಂದು ಮಾತು. ನಾಲ್ಕನೇ ಸ್ತರದಲ್ಲಿ 32 ಲೀಗ್ ಗೋಲು ಹೊಡೆದು ಅಗ್ರಸ್ಥಾನದಲ್ಲಿದ್ದ ಪಾಲ್ ಮಲ್ಲಿನ್ ಐದನೇ ಸ್ತರದ ರೆಕ್ಸಮ್‌ಗೆ ಇಳಿದು ಬಂದ. ಅದೇ ಕ್ಲಬ್ಬು 2022ರ ಜನವರಿಯಲ್ಲಿ ಒಬ್ಬ ಆಟಗಾರನಿಗೆ 3 ಲಕ್ಷ ಪೌಂಡ್ ಕೊಟ್ಟಿತು. ಎದುರಾಳಿಗಳ ಪೈಕಿ ಕೆಲವು ತಂಡಗಳ ಆಟಗಾರರು ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವವರು. ಸರಣಿ ಈ ಅಂತರವನ್ನು ಬಚ್ಚಿಡುವುದಿಲ್ಲ, ಆದರೆ ಅದರ ಮೇಲೆ ನಿಲ್ಲುವುದೂ ಇಲ್ಲ. ನಾಟಕಕ್ಕೆ ಬೇಕಿದ್ದ ಎದುರಾಳಿಯಾಗಿ 107 ಅಂಕಗಳ ನಾಟ್ಸ್ ಕೌಂಟಿ ಸಿಕ್ಕಿತು. ಆ ಕ್ಲಬ್ಬೂ ಬಡಪಾಯಿಯಲ್ಲ, ಅದರ ಹಿಂದೆ ಡೆನ್ಮಾರ್ಕಿನ ಇಬ್ಬರು ಶ್ರೀಮಂತ ಸಹೋದರರಿದ್ದಾರೆ. 2023ರ ಏಪ್ರಿಲ್‌ನ ಆ ಪಂದ್ಯದಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಯನ್ನು ಬೆನ್ ಫಾಸ್ಟರ್ ತಡೆದಾಗ ಎದ್ದು ಕೂತವರಲ್ಲಿ ನಾನೂ ಒಬ್ಬ. ಆಟಕ್ಕೆ ವಿಮರ್ಶಕನ ಹಂಗಿಲ್ಲ.

ಸರಣಿಯ ಒಳ್ಳೆಯ ಭಾಗವೆಂದರೆ ಊರು. 1934ರ ಸೆಪ್ಟೆಂಬರಿನಲ್ಲಿ ಗ್ರೆಸ್‌ಫರ್ಡ್ ಗಣಿಯಲ್ಲಿ 266 ಜನ ಸತ್ತರು; ಶನಿವಾರದ ಪಂದ್ಯ ನೋಡಲೆಂದು ಪಾಳಿ ಬದಲಿಸಿಕೊಂಡು ರಾತ್ರಿ ಕೆಲಸಕ್ಕೆ ಇಳಿದವರೂ ಅವರಲ್ಲಿದ್ದರು ಎಂದು ಊರು ನೆನೆಯುತ್ತದೆ. ಇದನ್ನು ಹೇಳುವಾಗ ಸರಣಿ ಹಾಸ್ಯವನ್ನು ಬದಿಗಿಟ್ಟು ಸುಮ್ಮನೆ ಆಲಿಸುತ್ತದೆ. ಅಂಥ ಕಡೆಗಳಲ್ಲಿ ಅದು ದೊಡ್ಡದಾಗುತ್ತದೆ.

ಆದರೆ ದುಡ್ಡಿನ ವಿಚಾರಕ್ಕೆ ಬಂದಾಗ ನಾನು ತೆರೆಯನ್ನು ಬಿಟ್ಟು ಜಮಾಖರ್ಚಿನ ಕಡೆ ತಿರುಗುತ್ತೇನೆ. 2022-23ರಲ್ಲಿ ಕ್ಲಬ್ಬಿನ ಆದಾಯ ಸುಮಾರು 105 ಲಕ್ಷ ಪೌಂಡ್, ನಷ್ಟ 51 ಲಕ್ಷ. ನಷ್ಟ ತುಂಬಿದ್ದು ಮಾಲೀಕರ ಸಾಲ. ಮರುವರ್ಷ ಆದಾಯ 267 ಲಕ್ಷಕ್ಕೆ ನೆಗೆಯಿತು, ಅದರಲ್ಲಿ ಅರ್ಧಕ್ಕೂ ಹೆಚ್ಚು ಉತ್ತರ ಅಮೆರಿಕದಿಂದ. ನಾಲ್ಕನೇ ಸ್ತರದ ತಂಡವೊಂದಕ್ಕೆ ಇಂಥ ಆದಾಯ ಟಿಕೆಟ್ ಮಾರಿ ಬರುವುದಲ್ಲ. ಕಥೆ ಮಾರಿ ಬಂದದ್ದು. 2025ರಲ್ಲಿ ಸತತ ಮೂರನೇ ಬಡ್ತಿ ಪಡೆದು ರೆಕ್ಸಮ್ ಎರಡನೇ ಸ್ತರ ತಲುಪಿತು. 2018-19ರಲ್ಲಿ ಒಟ್ಟು ಆದಾಯದ ಶೇಕಡಾ 107ರಷ್ಟನ್ನು ಸಂಬಳಕ್ಕೇ ಸುರಿದ ಸ್ತರ ಅದು. ನೂರು ರೂಪಾಯಿ ದುಡಿದು ನೂರೇಳು ಹಂಚುವ ಈ ಮನೆತನದಲ್ಲಿ ಉಳಿದದ್ದನ್ನು ತುಂಬಿಕೊಡಲು ಒಬ್ಬ ಧಣಿ ಇರಲೇಬೇಕು. ಪ್ರೀಮಿಯರ್ ಲೀಗಿನ ಟಿವಿ ಹಣ ಮೇಲಿನಿಂದ ಘಮಘಮಿಸುತ್ತದೆ, ಕೆಳಗಿರುವವರೆಲ್ಲ ಆ ವಾಸನೆಗೆ ಸಾಲ ಮಾಡುತ್ತಾರೆ.

ಧಣಿಗೆ ಏನಾದರೂ ಆದರೆ? ಸ್ಕಾಟ್ಲೆಂಡಿನ ಗಡಿಯ ಗ್ರೆಟ್ನಾ ಮೂರು ಸಾವಿರ ಜನವೂ ಇಲ್ಲದ ಹಳ್ಳಿ. ಬ್ರೂಕ್ಸ್ ಮೈಲ್ಸನ್ ಎಂಬ ಶ್ರೀಮಂತನ ಕೈಹಿಡಿದು ಅದರ ತಂಡ 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್ ಆಡಿತು, 2007ರಲ್ಲಿ ದೇಶದ ಅತ್ಯುನ್ನತ ಲೀಗಿಗೆ ಏರಿತು. 2008ರಲ್ಲಿ ಅವನು ಹಾಸಿಗೆ ಹಿಡಿದ, ದುಡ್ಡು ನಿಂತಿತು, ಕೆಲವೇ ತಿಂಗಳಲ್ಲಿ ಕ್ಲಬ್ಬೇ ಇಲ್ಲವಾಯಿತು. ಅದೇ ವರ್ಷ ಅವನೂ ತೀರಿಕೊಂಡ. ನಾರ್ತ್‌ಹ್ಯಾಂಪ್ಟನ್‌ಶೈರಿನ ರಷ್ಡನ್ ಅಂಡ್ ಡೈಮಂಡ್ಸ್ ಕಟ್ಟಿದವನು ಡಾಕ್ಟರ್ ಮಾರ್ಟನ್ಸ್ ಬೂಟಿನ ಮ್ಯಾಕ್ಸ್ ಗ್ರಿಗ್ಸ್. 1992ರಲ್ಲಿ ಎರಡು ಪುಟ್ಟ ತಂಡ ಸೇರಿಸಿ ಹುಟ್ಟಿಸಿದ್ದು 2001ರಲ್ಲಿ ಫುಟ್‌ಬಾಲ್ ಲೀಗ್ ಸೇರಿತು. ಆಮೇಲೆ ಬೂಟಿನ ವ್ಯಾಪಾರ ಕುಸಿಯಿತು, ಕಾರ್ಖಾನೆ ಚೀನಾಕ್ಕೆ ಹೋಯಿತು, 2005ರಲ್ಲಿ ಕ್ಲಬ್ಬು ಅಭಿಮಾನಿಗಳ ಕೈಗೆ ಬಂತು, 2011ರಲ್ಲಿ ಸತ್ತಿತು. ಇವರಿಬ್ಬರೂ ಕೆಟ್ಟವರಲ್ಲ ಎಂಬುದನ್ನು ಗಮನಿಸಬೇಕು. ಪ್ರೀತಿಯಿಂದಲೇ ಕೊಟ್ಟರು. ಒಬ್ಬನ ಆರೋಗ್ಯದ ಮೇಲೆ, ಒಂದು ಬೂಟಿನ ಫ್ಯಾಷನ್ನಿನ ಮೇಲೆ ಊರೊಂದರ ಶನಿವಾರಗಳು ನಿಂತಿದ್ದವು.

ಭಾರತದ ಧಣಿಗಳೂ ಈ ಕಥೆಯಲ್ಲಿದ್ದಾರೆ. ಪುಣೆಯ ಕೋಳಿ ವ್ಯಾಪಾರದ ವೆಂಕಿಸ್ ಮನೆತನ 2010ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸನ್ನು ಕೊಂಡಿತು. 1995ರಲ್ಲಿ ಚಾಂಪಿಯನ್ ಆಗಿದ್ದ ಆ ಕ್ಲಬ್ಬಿನ ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೋಳಿ ತಿನ್ನುವ ಜಾಹೀರಾತೂ ಬಂತು. 2012ರಲ್ಲಿ ತಂಡ ಕೆಳಗಿಳಿದ ರಾತ್ರಿ ಯಾರೋ ಒಂದು ಜೀವಂತ ಕೋಳಿಗೆ ಕ್ಲಬ್ಬಿನ ಬಾವುಟ ಹೊದಿಸಿ ಮೈದಾನಕ್ಕೆ ಬಿಟ್ಟರು. 2017ರಲ್ಲಿ ತಂಡ ಮೂರನೇ ಸ್ತರಕ್ಕೂ ಬಿತ್ತು. ವೆಂಕಿಸ್ ದುಡ್ಡು ಸುರಿದದ್ದು ಸುಳ್ಳಲ್ಲ. ಆದರೆ ಊರಿಗೆ ತಮ್ಮ ಕಥೆ ಹೇಳಲು ಅವರಿಗೆ ಬರಲಿಲ್ಲ, ಹೇಳುವ ಅಗತ್ಯವೂ ಅವರಿಗೆ ಕಂಡಂತಿಲ್ಲ. ರೆನಾಲ್ಡ್ಸ್ ಹತ್ತಿರ ಇರುವುದು ಮತ್ತು ವೆಂಕಿಸ್ ಹತ್ತಿರ ಇಲ್ಲದ್ದು ದುಡ್ಡಲ್ಲ, ಮಾತು.

ಇನ್ನು ಬರಿ ಎಂಬ ಊರಿನದು. 1885ರ ಕ್ಲಬ್ಬು, ಎರಡು ಸಲ ಎಫ್‌ಎ ಕಪ್ ಗೆದ್ದದ್ದು. 1903ರ ಫೈನಲ್ಲಿನಲ್ಲಿ ಡರ್ಬಿ ಕೌಂಟಿಯನ್ನು 6-0ರಿಂದ ಸೋಲಿಸಿತ್ತು. ಅದರ ಗಿಗ್ ಲೇನ್ ಮೈದಾನದ ಮೇಲೆ ಅಡಮಾನದ ಸಾಲ ಏರಿ ಕೂತಿತ್ತು. 2018ರ ಡಿಸೆಂಬರಿನಲ್ಲಿ ಸ್ಟೀವ್ ಡೇಲ್ ಅದನ್ನು ಒಂದು ಪೌಂಡಿಗೆ ಕೊಂಡ. ನಡೆಸಲು ಹಣವಿದೆಯೆಂಬ ಪುರಾವೆ ಲೀಗಿನ ಕೈಸೇರುವ ಮೊದಲೇ ವ್ಯಾಪಾರ ಮುಗಿದಿತ್ತು. ಬರಿ ಎಂಬ ಫುಟ್‌ಬಾಲ್ ತಂಡವೊಂದಿದೆ ಎಂದೇ ತನಗೆ ಗೊತ್ತಿರಲಿಲ್ಲವೆಂದು ಅವನು ಮುಂದೆ ರೇಡಿಯೋದಲ್ಲಿ ಹೇಳಿದ. ಸಂಬಳ ನಿಂತಿದ್ದರೂ ಆಟಗಾರರು 2019ರ ಬೇಸಿಗೆಯ ಹೊತ್ತಿಗೆ ಬಡ್ತಿ ಗೆದ್ದುಕೊಟ್ಟಿದ್ದರು. ಆಗಸ್ಟ್ 27ರಂದು ಲೀಗ್ ಅದನ್ನು ಹೊರಹಾಕಿತು. ಇಂಥದ್ದನ್ನೆಲ್ಲ ತಡೆಯಲೆಂದು ಬ್ರಿಟನ್ನಿನ ಸಂಸತ್ತು 2025ರಲ್ಲಿ ಕಾಯ್ದೆಯೊಂದನ್ನು ಮಾಡಿ ಸ್ವತಂತ್ರ ನಿಯಂತ್ರಕರನ್ನು ನೇಮಿಸಿದೆ, ಅದು ಏನು ಮಾಡೀತೆಂದು ಕಾದು ನೋಡಬೇಕು.

ಆ ಆಗಸ್ಟ್ 27 ಮಂಗಳವಾರ. ಶನಿವಾರ ಪಂದ್ಯ ನಡೆದೀತೆಂಬ ಆಸೆಯಲ್ಲಿ ಅಂದು ಬೆಳಿಗ್ಗೆ ನೂರಾರು ಜನ ಪೊರಕೆ, ಬಕೆಟ್ಟು, ಬಟ್ಟೆ ಹಿಡಿದು ಗಿಗ್ ಲೇನ್‌ಗೆ ಬಂದಿದ್ದರು. ಕುರ್ಚಿ ಒರೆಸಿದರು, ಮೆಟ್ಟಿಲು ಗುಡಿಸಿದರು. ಕತ್ತಲಾದ ಮೇಲೆ ಸುದ್ದಿ ಬಂತು. ನಾಲ್ಕು ವರ್ಷದ ನಂತರ, 2023ರಲ್ಲಿ, ಎರಡು ಹೋಳಾಗಿದ್ದ ಅಭಿಮಾನಿಗಳ ಗುಂಪುಗಳು ಮತ ಹಾಕಿ ಒಂದಾದವು, ಬರಿ ಮತ್ತೆ ಅದೇ ಮೈದಾನದಲ್ಲಿ ಆಡತೊಡಗಿತು, ಎಷ್ಟೋ ಸ್ತರಗಳ ಕೆಳಗೆ, ಪ್ರಾದೇಶಿಕ ಲೀಗೊಂದರಲ್ಲಿ. ಆ ಪೊರಕೆ ಹಿಡಿದವರಲ್ಲಿ ಒಬ್ಬರ ದನಿಯಲ್ಲಿ ನಿರೂಪಿತವಾದ ಸರಣಿಯೊಂದು ಬಂದರೆ ನಾನು ಮೊದಲ ದಿನವೇ ಕೂತು ನೋಡುತ್ತೇನೆ.